ಬಂಡವಾಳಕ್ಕೆ ರತ್ನಗಂಬಳಿ, ಕನ್ನಡಕ್ಕೆ ಚಾಪೆಯೂ ಇಲ್ಲ!



ಹೊರದೇಶದ ಕಂಪನಿಯೊಂದು ಭಾರತದಲ್ಲಿ ಹಣ ಹೂಡಬೇಕೋ ಬೇಡವೋ ಎಂದು ಯೋಚಿಸುವಾಗ ಏನೇನು ಲೆಕ್ಕ ಹಾಕುತ್ತದೆ ಬಲ್ಲಿರಾ? ಭೂಮಿ, ನೀರು, ಕರೆಂಟು, ತೆರಿಗೆ ವಿನಾಯಿತಿ, ಅಗ್ಗದ ಸಂಬಳ. ಎಲ್ಲಕ್ಕಿಂತ ಮೇಲೆ, 140 ಕೋಟಿ ಗಿರಾಕಿಗಳು! ಆ ತಲೆ ಎಣಿಕೆಯಲ್ಲಿ ನಾವೂ ಇದ್ದೇವೆ. ನಮ್ಮ ನುಡಿ ಮಾತ್ರ ಇಲ್ಲ. ಜೇಬಿಗೆ ಕೈ ಹಾಕಲು ಕನ್ನಡಿಗ ಬೇಕು, ಪೊಟ್ಟಣದ ಮೇಲೆ ಕನ್ನಡ ಬೇಡ. ಇದು ಯಾವ ಸೀಮೆಯ ನ್ಯಾಯ?

ಅಂಗಡಿಗೆ ಹೋಗಿ ನೋಡಿ. ಬಿಸ್ಕತ್ತಿನಲ್ಲಿ ಏನು ಬೆರೆಸಿದ್ದಾರೆ, ಯಾವ ತಾರೀಖಿನೊಳಗೆ ತಿನ್ನಬೇಕು, ಮಿಕ್ಸಿಯನ್ನು ಹೇಗೆ ಬಳಸಬೇಕು, ಹೆಚ್ಚಿನವು ಇಂಗ್ಲಿಷ್, ಇಲ್ಲವೇ ಹಿಂದಿ. ಕನ್ನಡ ಮಾತ್ರ ಬಲ್ಲ ನಮ್ಮ ತಾಯಂದಿರು ಬೊಂಬೆ ನೋಡಿ ಸಾಮಾನು ಕೊಳ್ಳಬೇಕೆ?

ಇದಕ್ಕೆ ದಿಲ್ಲಿಯ ಕಾನೂನೇ ಬೆಂಬಲ! 2011ರ ಪೊಟ್ಟಣ ಸರಕುಗಳ ನಿಯಮವಾಗಲಿ, 2020ರ ಆಹಾರ ಲೇಬಲ್ ನಿಯಮವಾಗಲಿ ಹೇಳುವುದು ಒಂದೇ: ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ ಇದ್ದರೆ ಸಾಕು. ಉಳಿದ ಭಾಷೆಗಳು ಕಂಪನಿಯ ಮರ್ಜಿ.

ಕನ್ನಡದ ಮಾರುಕಟ್ಟೆ ಚಿಕ್ಕದು ಎನ್ನುವ ಮಹನೀಯರಿದ್ದಾರೆ. ಫಿನ್ಲೆಂಡ್ ಎಂಬ ದೇಶದ ಜನಸಂಖ್ಯೆ 60 ಲಕ್ಷವೂ ಇಲ್ಲ, ಬೆಂಗಳೂರಿಗಿಂತ ಕಡಿಮೆ. ಅಲ್ಲಿ ಫಿನ್ನಿಷ್, ಸ್ವೀಡಿಷ್ ಎರಡರಲ್ಲೂ ಲೇಬಲ್ ಹಾಕಿ ಕಂಪನಿಗಳು ಮಾರುತ್ತವೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರೇ 4.37 ಕೋಟಿ! ಅಲ್ಲಿ ಬಾಗುವ ಬೆನ್ನು ಇಲ್ಲೇಕೆ ಸೆಟೆಯುತ್ತದೆ? ಅಲ್ಲಿ ಕಾನೂನು ಕೇಳುತ್ತದೆ, ಇಲ್ಲಿ ಕೇಳುವವರಿಲ್ಲ.

ಖರ್ಚು ಹೆಚ್ಚುತ್ತದೆಯಂತೆ. ಪ್ರೆಸ್ಸು ನಡೆಸುವವನಾಗಿ ಹೇಳುತ್ತೇನೆ, ಇದು ಶುದ್ಧ ಸುಳ್ಳು. ಡಿಸೈನಿನಲ್ಲೇ ಕನ್ನಡಕ್ಕೆ ಜಾಗ ಬಿಟ್ಟರೆ ಅದೇ ಕಾಗದ, ಅದೇ ಇಂಕು, ಅದೇ ಪ್ಲೇಟು. ಕರ್ನಾಟಕಕ್ಕೆಂದೇ ಬೇರೆ ಪ್ಲೇಟು ಹಾಕಿದರೂ ಲಕ್ಷಗಟ್ಟಲೆ ಲೇಬಲ್ಲಿಗೆ ಹಂಚಿದರೆ ಒಂದಕ್ಕೆ ಬೀಳುವುದು ಪುಡಿಗಾಸು.

ನಮ್ಮ ಸರ್ಕಾರದ ಪೌರುಷ ನೋಡಿ. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಮೊದಲೇ ಕಾಯ್ದೆ ಆಗಿತ್ತು. ಅದನ್ನು ನೆನಪಿಸಲು 2025ರ ಫೆಬ್ರವರಿಯಲ್ಲಿ ಮತ್ತೆ ಆದೇಶ ಹೊರಡಿಸಬೇಕಾಯಿತು! ಅದೇ ತಿಂಗಳು ಬೆಂಗಳೂರು ಅರಮನೆ ಮೈದಾನದಲ್ಲಿ ಹೂಡಿಕೆದಾರರ ಸಮಾವೇಶ, 10.27 ಲಕ್ಷ ಕೋಟಿ ರೂಪಾಯಿಯ ಭರವಸೆ. ಇನ್ನು ಕೆಲಸದ ಮಾತು. ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಮಂತ್ರಿಮಂಡಲ ಒಪ್ಪಿದ್ದು 2024ರ ಜುಲೈ 15ಕ್ಕೆ. ಉದ್ಯಮಿಗಳು ಗದರಿದ ಕೂಡಲೇ 17ಕ್ಕೆ ತಡೆ! ಎರಡೇ ದಿನದಲ್ಲಿ ಮಂಡಿ ಊರಿದವರನ್ನು ನಂಬಿ ಕೂರುವುದೆ?

ಬಂಡವಾಳ ಬರಲಿ, ಕಾರ್ಖಾನೆ ಏಳಲಿ. ಆದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಎರಡು ಷರತ್ತು ಬರೆಯಿರಿ: ಲೇಬಲ್ಲಿನಲ್ಲಿ ಕನ್ನಡ, ಕೆಲಸದಲ್ಲಿ ಕನ್ನಡಿಗ. ತಪ್ಪಿದರೆ ವಿನಾಯಿತಿ ವಾಪಸ್. ಭೂಮಿ ನಮ್ಮದು, ನೀರು ನಮ್ಮದು, ಕೊಳ್ಳುವ ದುಡ್ಡೂ ನಮ್ಮದು. ಕೇಳಲು ನಾಚಿಕೆ ಏಕೆ?

ಓದುಗರೇ, ನಿಮ್ಮ ಕೈಯಲ್ಲೂ ಅಸ್ತ್ರವಿದೆ. ನಾಳೆ ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡಿ. ಕನ್ನಡ ಇಲ್ಲವೆ? ಕನ್ನಡ ಇರುವುದನ್ನು ಕೊಡಿ ಎಂದು ಗಟ್ಟಿಯಾಗಿ ಕೇಳಿ. ಗಲ್ಲಾಪೆಟ್ಟಿಗೆ ಬರಿದಾದ ದಿನ ಯಾವ ಕಂಪನಿಯೂ ಕನ್ನಡ ಕಲಿಯುತ್ತದೆ!