‘ಮಾನಿಟರ್ ಸತ್ತಿತು’ ಅಂದ ಕೂಡಲೇ ನಂಬಬೇಡಿ!

ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ. “ಮಾನಿಟರ್ ಹೋಯ್ತು ಸಾರ್, ನಾಳೆ ಬನ್ನಿ.” ಪಹಣಿ ಪ್ರಿಂಟ್ ತೆಗೆಸೋಕೆ ಬಂದ ರೈತ, ಮಗನ ಕಾಲೇಜು ಅರ್ಜಿ ತುಂಬಿಸೋಕೆ ಬಂದ ತಾಯಿ, ಇಬ್ಬರೂ ಅರ್ಧ ದಿನದ ಕೂಲಿ ದಂಡ ಮಾಡಿಕೊಂಡು ಬಂದ ಬಸ್ಸಿಗೇ ವಾಪಸ್.

ಅಂಗಡಿಯವರದೇನು ಸುಖವೇ? ಕಂಪ್ಯೂಟರ್ ಹುಡುಗನಿಗೆ ಫೋನ್ ಹೋಗುತ್ತದೆ. ಆತ ಬರುತ್ತಾನೆ, ಬಟನ್ ಎರಡು ಸಲ ಅದುಮುತ್ತಾನೆ, “ಅಣ್ಣ, ಇದು ಮುಗೀತು, ಹೊಸದು ಹಾಕ್ಸಿ” ಎಂದು ತೀರ್ಪು ಕೊಡುತ್ತಾನೆ. ಮುಚ್ಚಳ ಬಿಚ್ಚಿದ್ದಿಲ್ಲ, ವೈರು ಮುಟ್ಟಿದ್ದಿಲ್ಲ. ಸಾವಿರಾರು ರೂಪಾಯಿ ಕೈಬಿಟ್ಟಿತು. ನೆಗಡಿ ಬಂತು ಅಂತ ಮೂಗು ಕೊಯ್ಸಿಕೊಳ್ಳುವ ವ್ಯವಹಾರ ಇದು!

ಹೊಸದು ತಂದರೆ ತಾಪತ್ರಯ ಮುಗಿಯಿತೇ ಎಂದರೆ ಅದೂ ಇಲ್ಲ. ಲಗ್ನಪತ್ರಿಕೆ, ಕರಪತ್ರ ಮಾಡುವ ಅದೆಷ್ಟೋ ಡಿಟಿಪಿ ಅಂಗಡಿಗಳು ಇವತ್ತಿಗೂ ಪೇಜ್‌ಮೇಕರ್ ನಂಬಿಕೊಂಡಿವೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಹಳೇ ಕನ್ನಡ ಫಾಂಟು, ಹಳೇ ಫೈಲು ಎಲ್ಲ ಹಳೇ ಮೆಷೀನಿನಲ್ಲೇ. ಆ ಮೆಷೀನಿಗೆ ಇರುವುದು ನೀಲಿ ಬಣ್ಣದ 15 ಪಿನ್ನಿನ ವಿಜಿಎ ಕಿಂಡಿ ಒಂದೇ. ಹೊಸ ಮಾನಿಟರ್‌ಗಳಲ್ಲಿ ಕೆಲವಕ್ಕೆ ಎಚ್‌ಡಿಎಂಐ ಮಾತ್ರ. ನಡುವೆ ಬರೀ ವೈರು ಹಾಕಿದರೆ ಚಿತ್ರ ಬರೋದಿಲ್ಲ, ಬೇರೆ ಕನ್ವರ್ಟರ್ ಬೇಕು. ಅದನ್ನೂ ಹಾಕಿದ ಮೇಲೆ ಹಳೇ ಮೆಷೀನಿಗೆ ಅಗಲ ಪರದೆಯ ಅಳತೆ ತಿಳಿಯದೆ, ಪತ್ರಿಕೆಯ ಮೇಲಿನ ಗಣಪತಿ ಅಡ್ಡಡ್ಡ ದಪ್ಪಗೆ ಕಾಣಿಸುತ್ತಾನೆ. ಮದುವೆ ಸೀಸನ್ನಿನಲ್ಲಿ ಇದು ಹುಡುಗಾಟವೆ?

ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ತೀರ್ಪು. ಪಕ್ಕದಂಗಡಿಯ ಮಾನಿಟರನ್ನು ಐದು ನಿಮಿಷ ಸಾಲ ತಂದು ಸಿಕ್ಕಿಸಿ. ಅದರಲ್ಲೂ ಕತ್ತಲೆಯಾದರೆ ನಿಮ್ಮ ಮಾನಿಟರ್ ನಿರಪರಾಧಿ ಇರಬಹುದು, ಕಂಪ್ಯೂಟರನ್ನು ಅಥವಾ ವೈರನ್ನು ನೋಡಬೇಕು. ದೀಪ ಉರಿಯುತ್ತಿದ್ದು ‘ನೋ ಸಿಗ್ನಲ್’ ಅಂತ ಬರೆದು ತೋರಿಸುವ ಮಾನಿಟರ್ ಸತ್ತಿಲ್ಲ ಸ್ವಾಮಿ, ಅದು ಮಾತಾಡುತ್ತಾ ಇದೆ! ಕಸ ಗುಡಿಸುವಾಗ ವೈರು ಸಡಿಲಾಗಿರಬಹುದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಮೆಷೀನಿನಲ್ಲಿ ಯಾರೋ ವೈರನ್ನು ತಪ್ಪು ಕಿಂಡಿಗೆ ಸಿಕ್ಕಿಸಿರಬಹುದು. ರ್‍ಯಾಮ್ ಕಾರ್ಡಿಗೆ ಧೂಳು ಕೂತಿದ್ದರೆ ತೆಗೆದು ಒರೆಸಿ ಹಾಕಿದರೆ ಎಷ್ಟೋ ಸಲ ಎದ್ದು ಕೂರುತ್ತದೆ. ಪರದೆಯೆಲ್ಲ ಹಳದಿಗೆ ತಿರುಗಿದರೆ ಕಾಮಾಲೆ ಏನಲ್ಲ, ವಿಜಿಎ ವೈರಿನಲ್ಲಿ ನೀಲಿ ಬಣ್ಣ ಒಯ್ಯುವ ಎಳೆ ಬಿಟ್ಟಿದೆ ಎಂದು ಮೊದಲ ಅನುಮಾನ. ಹಸಿರಿನ ಎಳೆ ಬಿಟ್ಟರೆ ಗುಲಾಬಿ. ವೈರು ಬದಲಿಸಿ ನೋಡಿ.

ಇನ್ನು ನಿಜವಾಗಿ ಮಾನಿಟರ್‌ದೇ ದೋಷ ಎನ್ನಿ. ಜೇಬಿನ ಮೊಬೈಲ್ ಟಾರ್ಚ್ ತೆಗೆದು, ಕತ್ತಲಾದ ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪರದೆ ಕೆಲಸ ಮಾಡುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. 2010ರ ಆಸುಪಾಸಿನವರೆಗೆ ಬಂದ ಚಪ್ಪಟೆ ಮಾನಿಟರ್‌ಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಪೆನ್ಸಿಲಿಗಿಂತ ಸಣ್ಣನೆಯ ಟ್ಯೂಬ್‌ಲೈಟುಗಳಿವೆ. ಅವನ್ನು ಉರಿಸುವುದು ಇನ್ವರ್ಟರ್ ಎಂಬ ಪುಟ್ಟ ಬೋರ್ಡು. (ಮನೆಯ ಬ್ಯಾಟರಿ ಇನ್ವರ್ಟರ್ ಬೇರೆ, ಇದು ಬೇರೆ.) ಹಾಕಿದ ಕೂಡಲೇ ಎರಡು ಸೆಕೆಂಡ್ ಚಿತ್ರ ಬಂದು ಫಕ್ಕನೆ ಆರಿದರೆ ಟ್ಯೂಬು ಅಥವಾ ಈ ಬೋರ್ಡಿನ ಮೇಲೇ ಗುಮಾನಿ ಇಡಬೇಕು.

ಬೆಳಿಗ್ಗೆ ಬೋಣಿ ಹೊತ್ತಿಗೆ ಮಿಣಮಿಣ ಅಂದು, ಹತ್ತು ನಿಮಿಷ ಬೆಚ್ಚಗಾದ ಮೇಲೆ ಸರಿಯಾಗುವ ಮಾನಿಟರ್ ಇದ್ದರೆ ಅದು ಕೆಪಾಸಿಟರ್ ಕಾಯಿಲೆ ಎಂದು ಅನುಭವಸ್ಥರು ಅರ್ಧ ಬಾಗಿಲಲ್ಲೇ ಹೇಳುತ್ತಾರೆ. ಕರೆಂಟ್ ಬೋರ್ಡಿನ ಮೇಲೆ ನಿಂತಿರುವ ಚಿಕ್ಕ ಡಬ್ಬಿಗಳು ಅವು. ತಲೆ ಚಪ್ಪಟೆಯಾಗಿದ್ದರೆ ಆರೋಗ್ಯ, ಪೂರಿಯ ಹಾಗೆ ಉಬ್ಬಿದ್ದರೆ ಕೆಟ್ಟಿದೆ. ಒಮ್ಮೊಮ್ಮೆ ಉಬ್ಬದೆಯೂ ಕೆಡುತ್ತವೆ. 2000ದ ಮೊದಲ ವರ್ಷಗಳಲ್ಲಿ ಮುಖ್ಯವಾಗಿ ತೈವಾನಿನ ಕೆಲವು ತಯಾರಕರ ಮಾಲಿನಲ್ಲಿ ಒಳಗಿನ ದ್ರವವೇ ಸರಿಯಿರದೆ, ಜಗತ್ತಿನಾದ್ಯಂತ ಮದರ್‌ಬೋರ್ಡು, ಮಾನಿಟರುಗಳು ಈ ರೋಗಕ್ಕೆ ಬಿದ್ದವು. ಮದ್ದು ಅಗ್ಗ. ಅದೇ ಸಾಮರ್ಥ್ಯದ, ವೋಲ್ಟೇಜು ಕಡಿಮೆ ಇರದ, 105 ಡಿಗ್ರಿಯ ಒಳ್ಳೇ ಕೆಪಾಸಿಟರ್ ಬೆಸುಗೆ ಹಾಕಿದರೆ ಆಯಿತು. ಪರದೆಯೇ ಸೀಳಿದ್ದರೆ, ಮೇಲಿಂದ ಕೆಳಗೆ ಬಣ್ಣದ ಗೆರೆ ಬಿದ್ದಿದ್ದರೆ ಮಾತ್ರ ಆಸೆ ಬಿಡಬೇಕು. ಆ ರಿಪೇರಿ ಗಿಟ್ಟುವುದಿಲ್ಲ.

ಒಂದು ಎಚ್ಚರಿಕೆ. ಇದನ್ನೋದಿ ಅಂಗಡಿಯವರೇ ಸ್ಕ್ರೂಡ್ರೈವರ್ ಹಿಡಿದು ಕೂರಬಾರದು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಹೊಡೆದರೆ ಜೀವಕ್ಕೇ ಸಂಚಕಾರ. ವೈರು, ಟಾರ್ಚು, ಪಕ್ಕದ ಮನೆಯ ಮಾನಿಟರ್, ಅಷ್ಟಕ್ಕೆ ನಿಲ್ಲಿಸಿ ಬಿಚ್ಚುವ ಕೆಲಸ ಬಲ್ಲವರಿಗೆ ಬಿಡಲಿ.

ಬಲ್ಲವರಿಗೆ ಕೂಲಿಯನ್ನೂ ಸರಿಯಾಗಿ ಕೊಡಲಿ. “ಐದು ರೂಪಾಯಿ ಕೆಪಾಸಿಟರ್‌ಗೆ ಮುನ್ನೂರು ಕೇಳ್ತೀಯಲ್ಲಪ್ಪ” ಎಂದು ಚೌಕಾಸಿ ಮಾಡುವ ಅಂಗಡಿಯವರಿಂದಲೇ ಬೆಸುಗೆ ಕಲಿತ ಹುಡುಗ ಕೆಲಸ ಬಿಟ್ಟು ಹೊಸ ಮಾನಿಟರ್ ಮಾರೋದಕ್ಕೆ ನಿಲ್ಲುತ್ತಾನೆ. ಮಾರಿದರೆ ಕಮಿಷನ್, ರಿಪೇರಿ ಮಾಡಿದರೆ ಬೈಗುಳ. ಯಾರು ತಾನೆ ಬೈಗುಳ ಆರಿಸಿಕೊಂಡಾರು?

ಆದರೆ ಹಣ ಕೊಟ್ಟವರಿಗೆ ಲೆಕ್ಕ ಸಿಗಬೇಕು. ಕೆಟ್ಟ ಭಾಗವನ್ನು ಕೈಗೆ ವಾಪಸ್ ಕೇಳಿ, ಬಿಲ್ ಬರೆಸಿಕೊಳ್ಳಿ. ಮಾರಿದ್ದಕ್ಕಾಗಲಿ ಮಾಡಿದ ಸೇವೆಗಾಗಲಿ ಬಿಲ್ ಕೊಡದಿರುವುದನ್ನು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. “ಅಂಗಡಿಗೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ” ಎಂದು ಯಾರಾದರೂ ಹೆದರಿಸಿದರೆ ಬಗ್ಗಬೇಕಾಗಿಲ್ಲ. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಬಳಸುವವನನ್ನು ಆ ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ. ಜೆರಾಕ್ಸ್ ಅಂಗಡಿಯ ಒಬ್ಬಂಟಿ ಮಾಲೀಕ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು.

ಕೊನೆಗೂ ಸತ್ತೇ ಹೋದ ಮಾನಿಟರನ್ನು ಗುಜರಿ ಗಾಡಿಗೆ ಎಸೆಯೋದು, ಸಂತೆ ಮೈದಾನದ ಹಿಂದೆ ಒಡೆದು ತಾಮ್ರ ಆಯೋದು, ಎರಡೂ ಬೇಡ. ಆ ಸಣ್ಣ ಟ್ಯೂಬುಗಳಲ್ಲಿ ಪಾದರಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥವನ್ನು ನೋಂದಾಯಿತ ಮರುಬಳಕೆದಾರರಿಗೆ ಮುಟ್ಟಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಸಣ್ಣ ಊರಿನ ಅಂಗಡಿಯವರು ಹಳೇ ಮಾನಿಟರ್ ಹೊತ್ತು ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು ನಗರಸಭೆ ಕಸದ ಗಾಡಿಯ ಮೈಕಿನಲ್ಲೇ ಕೂಗಿ ಹೇಳಲಿ. ದಿನಾ ಬೆಳಿಗ್ಗೆ ಹಾಡು ಹಾಕೋದಕ್ಕೆ ಆ ಮೈಕು ಇದ್ದೇ ಇದೆಯಲ್ಲ.