ಏರಿದ ದಿನ ಗೊತ್ತು, ಇಳಿದ ದಿನ?

ಭಾರತದ ಮೊದಲ ಉಪಗ್ರಹ ಯಾವುದು ಎಂದು ಕೇಳಿದರೆ ಐದನೇ ತರಗತಿಯ ಮಕ್ಕಳೆಲ್ಲ ಕೈ ಎತ್ತುತ್ತಾರೆ. ಆರ್ಯಭಟ! ಅದು ಬೆಂಗಳೂರಿನ ಪೀಣ್ಯದಲ್ಲಿ ತಯಾರಾದದ್ದು, 1975ರ ಏಪ್ರಿಲ್ 19ರಂದು ಅಂದಿನ ಸೋವಿಯತ್ ಒಕ್ಕೂಟದಿಂದ ಹಾರಿದ್ದು ಎಂದು ಹೇಳುವ ಜಾಣರೂ ಇದ್ದಾರೆ. ಸರಿ ಮಕ್ಕಳೇ, ಆ ಆರ್ಯಭಟ ಈಗ ಎಲ್ಲಿದೆ? ಈ ಪ್ರಶ್ನೆ ನಮ್ಮ ರಸಪ್ರಶ್ನೆ ಸ್ಪರ್ಧೆಗಳಲ್ಲಿ ಬರುವುದೇ ಇಲ್ಲ. ಬರಬೇಕು ಎಂಬುದು ನನ್ನ ವಾದ.

ಆರ್ಯಭಟ ಈಗ ಇಲ್ಲ. 1992ರಲ್ಲಿ ಅದು ವಾತಾವರಣಕ್ಕೆ ಮರಳಿ ಉರಿದುಹೋಯಿತು. ಯಾರೂ ಅದನ್ನು ಇಳಿಸಲಿಲ್ಲ. ಸುಮಾರು 600 ಕಿ.ಮೀ. ಎತ್ತರದಲ್ಲಿಯೂ ಒಂದಿಷ್ಟು ಗಾಳಿ ಇರುತ್ತದೆ, ಇಲ್ಲವೆನ್ನುವಷ್ಟು ತೆಳುವಾಗಿ. ಆ ಗಾಳಿಯೇ ಉಪಗ್ರಹವನ್ನು ತಡೆದು ತಡೆದು, ಕಕ್ಷೆಯನ್ನು ತಗ್ಗಿಸಿ, ಹದಿನೇಳು ವರ್ಷಗಳಲ್ಲಿ ಕೆಳಕ್ಕೆ ತಂದಿತು. ಇನ್ನೂ ಮೇಲೆ ಹೋದರೆ ಈ ಸಹಾಯ ಸಿಗುವುದಿಲ್ಲ. 800 ಕಿ.ಮೀ. ಎತ್ತರದಲ್ಲಿ ಬಿಟ್ಟದ್ದು ಬೀಳಲು ನೂರು ವರ್ಷಕ್ಕೂ ಹೆಚ್ಚು ಬೇಕಾಗಬಹುದು. ಅಮೆರಿಕ 1958ರಲ್ಲಿ ಹಾರಿಸಿದ ವ್ಯಾನ್‌ಗಾರ್ಡ್-1 ಬರೀ ಒಂದೂವರೆ ಕಿಲೋ ತೂಕದ ಗೋಳ. 1964ರಲ್ಲೇ ಅದರ ಸಂಕೇತ ನಿಂತಿತು. ಗೋಳ ಮಾತ್ರ ಇಂದಿಗೂ ಭೂಮಿಯನ್ನು ಸುತ್ತುತ್ತಲೇ ಇದೆ.

ಸುತ್ತಿಕೊಂಡಿರಲಿ ಬಿಡಿ, ಆಕಾಶವೇನು ಚಿಕ್ಕದೇ ಎನ್ನಬಹುದು. ತೊಂದರೆ ಇರುವುದು ವೇಗದಲ್ಲಿ. ಕೆಳಗಿನ ಕಕ್ಷೆಗಳಲ್ಲಿ ಉಪಗ್ರಹವಾಗಲಿ, ಕಳಚಿ ಬಿದ್ದ ಬೋಲ್ಟಾಗಲಿ, ಸೆಕೆಂಡಿಗೆ ಏಳೂವರೆ ಕಿ.ಮೀ.ನಷ್ಟು ವೇಗದಲ್ಲಿ ಓಡುತ್ತದೆ. ಈ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಇಪ್ಪತ್ತೇ ಸೆಕೆಂಡು! 1983ರಲ್ಲಿ ಬಣ್ಣದ ಒಂದು ಚಕ್ಕೆ, ಮಿಲಿಮೀಟರಿಗಿಂತಲೂ ಚಿಕ್ಕದು, ಚಾಲೆಂಜರ್ ನೌಕೆಯ ಕಿಟಕಿ ಗಾಜಿಗೆ ಬಡಿದು ಗುಳಿ ಮಾಡಿತ್ತು. ಚಕ್ಕೆಗೇ ಇಷ್ಟಾದರೆ ದೊಡ್ಡವು ಡಿಕ್ಕಿ ಹೊಡೆದರೆ? ಅದೂ ನಡೆದಿದೆ. 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ-33ಕ್ಕೆ ರಷ್ಯಾದ ಕೆಟ್ಟುಹೋದ ಕಾಸ್ಮೋಸ್-2251 ಅಪ್ಪಳಿಸಿತು. ರಡಾರಿಗೆ ಕಾಣುವಂಥ ಚೂರುಗಳೇ ಎರಡು ಸಾವಿರಕ್ಕೂ ಹೆಚ್ಚಾದವು. ಪ್ರತಿ ಚೂರೂ ಇನ್ನೊಂದು ಉಪಗ್ರಹವನ್ನು ಒಡೆಯಬಲ್ಲದು, ಅದರ ಚೂರುಗಳು ಮತ್ತೊಂದನ್ನು. ಹೀಗೆ ಕಸವೇ ಕಸವನ್ನು ಹೆಚ್ಚಿಸುತ್ತ ಹೋಗಬಹುದೆಂದು ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ 1978ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದರು.

ಈ ಕಸ ಹಾಕಿದವರು ಪರದೇಶದವರು ಮಾತ್ರವಲ್ಲ. 2001ರ ಅಕ್ಟೋಬರಿನಲ್ಲಿ ನಮ್ಮ ಪಿಎಸ್‌ಎಲ್‌ವಿ ಮೂರು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಕೆಲಸ ಮುಗಿಸಿ ಅಲ್ಲೇ ಸುತ್ತುತ್ತಿದ್ದ ರಾಕೆಟ್ಟಿನ ನಾಲ್ಕನೇ ಹಂತ ಡಿಸೆಂಬರಿನಲ್ಲಿ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಅನಂತರ ಇಸ್ರೊ ಒಂದು ಕ್ರಮ ತಂದಿತು: ಕೆಲಸ ಮುಗಿದೊಡನೆ ಉಳಿದ ಇಂಧನವನ್ನು ಹೊರಬಿಟ್ಟು ಟ್ಯಾಂಕು ಖಾಲಿ ಮಾಡುವುದು. ಅಡುಗೆಯಾದ ಮೇಲೆ ಗ್ಯಾಸ್ ಬಂದ್ ಮಾಡಿದಷ್ಟೇ ಸರಳವಾಗಿ ಕೇಳಿಸುತ್ತದೆ, ಆದರೆ ಸಿಡಿಯುವ ಭಯ ಅದರಿಂದ ಬಹಳ ಮಟ್ಟಿಗೆ ತಪ್ಪುತ್ತದೆ.

ಇನ್ನು ನನಗೆ ತುಂಬ ಹಿಡಿಸಿದ ಸಂಗತಿ. ಭಾರತ ಮತ್ತು ಫ್ರಾನ್ಸ್ ಸೇರಿ ಮಳೆ, ಮೋಡಗಳ ಅಧ್ಯಯನಕ್ಕೆ 2011ರಲ್ಲಿ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ಹಾರಿಸಿದವು. ಮೂರು ವರ್ಷಕ್ಕೆಂದು ಮಾಡಿದ್ದು ಹತ್ತು ವರ್ಷ ದುಡಿಯಿತು. ಸುಮಾರು ಒಂದು ಟನ್ ತೂಕ, 867 ಕಿ.ಮೀ. ಎತ್ತರ. ಹಾಗೇ ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೆ ಇಸ್ರೊ ವಿಜ್ಞಾನಿಗಳು ಅದರಲ್ಲಿ ಉಳಿದಿದ್ದ ಇಂಧನವನ್ನೇ ಉರಿಸಿ, ಹಂತ ಹಂತವಾಗಿ ಕಕ್ಷೆಯನ್ನು ತಗ್ಗಿಸಿ, 2023ರ ಮಾರ್ಚ್ 7ರಂದು ಜನವಸತಿ ಇಲ್ಲದ ಪೆಸಿಫಿಕ್ ಸಾಗರದ ಮೇಲೆ ಬೀಳಿಸಿದರು. ಹೀಗೆ ಇಳಿಸಬೇಕೆಂದು ಅದನ್ನು ಕಟ್ಟುವಾಗ ಯೋಚಿಸಿಯೇ ಇರಲಿಲ್ಲ. ಅದೇ ವರ್ಷ ಚಂದ್ರಯಾನ-3 ಇಳಿದಾಗ ಶಾಲೆ ಶಾಲೆಗಳಲ್ಲಿ ಸಿಹಿ ಹಂಚಿದೆವು, ಸಂತೋಷ. ಮಾರ್ಚ್ 7ರ ಸುದ್ದಿಯನ್ನು ಎಷ್ಟು ಶಾಲೆಗಳಲ್ಲಿ ಓದಿ ಹೇಳಿದರೋ!

ಇಳಿಸಲು ಇಡುವ ಇಂಧನದಲ್ಲಿ ಉಪಗ್ರಹ ಇನ್ನೊಂದಿಷ್ಟು ಕಾಲ ದುಡಿಯಬಹುದಲ್ಲ, ಬಡ ದೇಶಕ್ಕೆ ಈ ದುಂದು ಏಕೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಮಾತೇ. ಆದರೆ ಕಸ ಹೆಚ್ಚಿ ಆ ಎತ್ತರವೇ ಬಳಕೆಗೆ ಬಾರದಂತಾದರೆ ಹೆಚ್ಚು ಕಳೆದುಕೊಳ್ಳುವವರು ಯಾರು? ಚಂಡಮಾರುತದ ಮುನ್ಸೂಚನೆಗೆ, ಬೆಳೆಯ ಅಂದಾಜಿಗೆ, ಮೀನು ಸಿಗುವ ಜಾಗ ತಿಳಿಯಲಿಕ್ಕೆ ಉಪಗ್ರಹಗಳನ್ನು ನಂಬಿರುವ ನಮ್ಮಂಥವರೇ. 2030ರ ಹೊತ್ತಿಗೆ ಭಾರತದ ಎಲ್ಲ ಉಡಾವಣೆಗಳೂ ಕಸ ಉಳಿಸದಂತೆ ಇರಬೇಕೆಂಬ ಗುರಿಯನ್ನು 2024ರಲ್ಲಿ ಸಾರಲಾಗಿದೆ. ಇಳಿಸುವ ಖರ್ಚನ್ನು ಏರಿಸುವ ಖರ್ಚಿನ ಜತೆಯಲ್ಲೇ ಮೊದಲ ದಿನವೇ ಬರೆದಿಟ್ಟರೆ ಮಾತ್ರ ಆ ಗುರಿ ಕೈಗೂಡೀತು.

ಹಳೆಯ ಕಸದ ಕಥೆ ಬೇರೆ. ಕಂಡವರು ಎತ್ತಿ ಹಾಕುವಂತಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಮೇಲೆ ಹೋದ ವಸ್ತು, ಕೆಟ್ಟು ಚೂರಾದರೂ, ಹಾರಿಸಿದವರ ಸ್ವತ್ತೇ. ಹೀಗಾಗಿ ಒಬ್ಬರ ಕಸವನ್ನು ಇನ್ನೊಬ್ಬರು ತೆಗೆಯಲು ಅನುಮತಿ ಬೇಕು. ಜಪಾನ್ ತನ್ನ ಕಸದಿಂದಲೇ ಆರಂಭಿಸಿದೆ. 2009ರಲ್ಲಿ ಬಿಟ್ಟ ಮೂರು ಟನ್ನಿನ ರಾಕೆಟ್ ಹಂತವೊಂದರ ಹತ್ತಿರಕ್ಕೆ 2024ರಲ್ಲಿ ಅಲ್ಲಿನ ಒಂದು ಪುಟ್ಟ ನೌಕೆ ಹೋಗಿ, ಸುಮಾರು 15 ಮೀಟರು ದೂರದಿಂದ ನೋಡಿ, ಚಿತ್ರ ತೆಗೆದು ಬಂತು. ಹಿಡಿದು ಇಳಿಸುವ ಕೆಲಸ ಇನ್ನೊಂದು ನೌಕೆಯದು.