ಕೂಡಿ ಬರೆದ ಕಡತಕ್ಕೆ ಮನೆಯಲ್ಲೊಂದು ಪ್ರತಿ

ಹಿಂದೆ ಮನೆಯ ಜಮಾಖರ್ಚಿನ ಪುಸ್ತಕ ಒಬ್ಬರ ಕೈಬರಹದಲ್ಲಿದ್ದು, ಒಂದೇ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಇಂದು ಅಣ್ಣ ಬೆಂಗಳೂರಿನಲ್ಲಿ, ತಂಗಿ ಪುಣೆಯಲ್ಲಿ, ಮಗ ಕಡಲಾಚೆಯಲ್ಲಿ ಕುಳಿತು ಒಂದೇ ಕಡತವನ್ನು ಏಕಕಾಲದಲ್ಲಿ ತಿದ್ದುತ್ತಾರೆ. ಮದುವೆಯ ಖರ್ಚು, ವಂಶಾವಳಿ, ಅಜ್ಜಿ ಹೇಳಿಕೊಟ್ಟ ಅಡುಗೆಯ ಅಳತೆ, ತಂದೆಯವರ ಔಷಧಗಳ ಪಟ್ಟಿ, ಎಲ್ಲವೂ ಗೂಗಲ್ ಡಾಕ್ಸ್, ಗೂಗಲ್ ಶೀಟ್ಸ್‌ಗಳಂಥ ಕಡತಗಳಲ್ಲಿ ಸೇರುತ್ತಿವೆ. ಸೌಕರ್ಯವೇನೋ ದೊಡ್ಡದೇ. ಆದರೆ ಆ ಕಡತ ಎಲ್ಲಿದೆ, ಅದರ ಒಡೆಯರು ಯಾರು ಎಂದು ವಿಚಾರಿಸಿದವರು ವಿರಳ. ಈ ವಾರ ಅದನ್ನೇ ವಿಚಾರಿಸೋಣ.

ಬರೆಯುವವರು ಹತ್ತು ಮಂದಿಯಿದ್ದರೂ ಇಂಥ ಮನೆಯ ಕಡತದ ಒಡೆತನ ಒಂದೇ ಖಾತೆಯದು. ಆ ಖಾತೆ ಅಳಿದರೆ ಕಡತವೂ ಅದರೊಡನೆ ಅಳಿಯುತ್ತದೆ. ಉಳಿದ ಒಂಬತ್ತು ಮಂದಿಯ ಕೈಯೂ ಬರಿದಾಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ಸ್ವಂತ ಖಾತೆಗಳನ್ನು ಅಳಿಸಿಹಾಕಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆ 2023ರ ಮೇ ತಿಂಗಳಿನಲ್ಲಿ ಪ್ರಕಟಿಸಿ, ಅದೇ ಡಿಸೆಂಬರಿನಿಂದ ಆಚರಣೆಗೆ ತಂದಿತು. ಮನೆಯ ಹಿರಿಯರೊಬ್ಬರು ಕಾಲವಾದಾಗ ಅವರ ಖಾತೆಯ ಯೋಚನೆ ಯಾರಿಗೆ ಬರುತ್ತದೆ? ಎರಡು ವರ್ಷ ಕಳೆದದ್ದು ತಿಳಿಯುವುದೇ ಇಲ್ಲ. ಇದಲ್ಲದೆ, ಸೇವೆಗಳೇ ನಿಂತುಹೋಗುವುದೂ ಉಂಟು. ಹಲವರು ಕೂಡಿ ಬರೆಯಲೆಂದೇ 2009ರಲ್ಲಿ ಸಡಗರದಿಂದ ಪ್ರಕಟವಾದ ಗೂಗಲ್ ವೇವ್, 2012ರ ಏಪ್ರಿಲಿನಲ್ಲಿ ಪೂರ್ಣವಾಗಿ ಮುಚ್ಚಿತು.

ಆದಕಾರಣ ಒಂದು ಪ್ರತಿ ಮನೆಯಲ್ಲಿರಲಿ ಎನ್ನುವುದು ವಿವೇಕದ ಮಾತು. ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಗಣಕಯಂತ್ರದಲ್ಲಿ ಕಾಣುವ ಗೂಗಲ್ ಡ್ರೈವ್ ಫೋಲ್ಡರನ್ನು ಹಾಗೆಯೇ ಪೆನ್ ಡ್ರೈವಿಗೆ ಎಳೆದು ಹಾಕಿ ನಿಶ್ಚಿಂತರಾಗುತ್ತಾರೆ. ಚಿತ್ರಗಳು, ಪಿಡಿಎಫ್‌ಗಳು ಬರುವುದು ನಿಜ. ಆದರೆ 'ಜಿಡಾಕ್' ಎಂಬ ಬಾಲವುಳ್ಳ ಕಡತದೊಳಗೆ ಬರಹದ ಒಂದು ಅಕ್ಷರವೂ ಇರುವುದಿಲ್ಲ. ಇರುವುದು ಆ ಬರಹದ ವಿಳಾಸ ಮಾತ್ರ. ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡ ಮಾತ್ರಕ್ಕೆ ಮನೆಯನ್ನೇ ಕಾಪಾಡಿದಂತಾಗುವುದಿಲ್ಲ. ಖಾತೆ ಹೋದ ಮೇಲೆ ಈ ಚೀಟಿಯಿಂದ ಯಾವ ಪ್ರಯೋಜನವೂ ಇಲ್ಲ. ನಿಜವಾದ ಪ್ರತಿ ಬೇಕಾದರೆ ಬರಹವನ್ನು ವರ್ಡ್, ಎಕ್ಸೆಲ್ ಮುಂತಾದ ರೂಪಕ್ಕೆ ಪರಿವರ್ತಿಸಿಯೇ ಇಳಿಸಿಕೊಳ್ಳಬೇಕು.

ನಾಲ್ಕಾರು ಕಡತಗಳಾದರೆ ಒಂದೊಂದನ್ನೇ ತೆರೆದು 'ಡೌನ್‌ಲೋಡ್' ಒತ್ತಬಹುದು. ನೂರಾರು ಇದ್ದರೆ ಆಜ್ಞೆಯ ಸಾಲಿನ ಸಾಧನಗಳು ನೆರವಿಗೆ ಬರುತ್ತವೆ. ಕಪ್ಪು ತೆರೆಯ ಮೇಲೆ ಆಜ್ಞೆಗಳನ್ನು ಟೈಪು ಮಾಡುವ ಈ ವಿಧಾನವನ್ನು ಕಂಡು ಅಂಜಬೇಕಾಗಿಲ್ಲ. ಅಂಗಡಿಯಲ್ಲಿ ನಿಂತು ಒಂದೊಂದು ಡಬ್ಬಿಗೂ ಬೆರಳು ತೋರಿ ಕೇಳುವುದು ಒಂದು ಕ್ರಮ. ಬೇಕಾದ ಸಾಮಾನನ್ನೆಲ್ಲ ಚೀಟಿಯಲ್ಲಿ ಬರೆದು ಕಳುಹಿಸುವುದು ಇನ್ನೊಂದು ಕ್ರಮ. ಆಜ್ಞೆಯ ಸಾಲು ಎಂದರೆ ಚೀಟಿ. ಒಮ್ಮೆ ಸರಿಯಾಗಿ ಬರೆದರೆ ಪ್ರತಿ ತಿಂಗಳೂ ಅದನ್ನೇ ಕಳುಹಿಸಬಹುದು.

ಇಂಥ ಸಾಧನಗಳಲ್ಲಿ ಆರ್‌ಕ್ಲೋನ್ ಎಂಬುದು ಪ್ರಸಿದ್ಧವಾದುದು. ಬ್ರಿಟನ್ನಿನ ನಿಕ್ ಕ್ರೇಗ್-ವುಡ್ ಅವರು ಆರಂಭಿಸಿದ ಇದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಮೊದಲು 'ಕಾನ್ಫಿಗ್' ಎಂಬ ಆಜ್ಞೆ ಕೊಟ್ಟರೆ ಅದು ಪ್ರಶ್ನೆಗಳನ್ನು ಕೇಳುತ್ತ ನಿಮ್ಮ ಖಾತೆಯ ಪರಿಚಯ ಮಾಡಿಕೊಳ್ಳುತ್ತದೆ. ಎಷ್ಟು ಅಧಿಕಾರ ಬೇಕೆಂದು ಕೇಳಿದಾಗ ಓದುವ ಅನುಮತಿಯನ್ನಷ್ಟೇ ಕೊಡಿರಿ. ಆಗ ಕೈತಪ್ಪಿನಿಂದಲೂ ಮೂಲಕ್ಕೆ ಧಕ್ಕೆಯಾಗದು. ಬಳಿಕ 'ಕಾಪಿ' ಎಂಬ ಆಜ್ಞೆಯ ಮುಂದೆ ಎಲ್ಲಿಂದ, ಎಲ್ಲಿಗೆ ಎಂದು ಸೂಚಿಸಿದರಾಯಿತು. ಬರಹಗಳು ವರ್ಡ್ ಕಡತಗಳಾಗಿಯೂ ಲೆಕ್ಕಪಟ್ಟಿಗಳು ಎಕ್ಸೆಲ್ ಕಡತಗಳಾಗಿಯೂ ಬಂದಿಳಿಯುತ್ತವೆ. ಇತರರು ನಿಮ್ಮೊಡನೆ ಹಂಚಿಕೊಂಡವನ್ನು ತರಲು ಬೇರೊಂದು ಸೂಚನೆಯನ್ನು ಸೇರಿಸಬೇಕು.

'ಸಿಂಕ್' ಎಂಬ ಆಜ್ಞೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಎರಡು ಕಡೆಗಳನ್ನೂ ಸಮ ಮಾಡುವ ಆಜ್ಞೆ. ಮೂಲದಲ್ಲಿ ಇಲ್ಲದ್ದು ನಿಮ್ಮ ಪ್ರತಿಯಲ್ಲಿದ್ದರೆ ಅದನ್ನು ಅಳಿಸಿಬಿಡುತ್ತದೆ. ಯಾರೋ ಮೂಲದಿಂದ ತಪ್ಪಾಗಿ ಅಳಿಸಿದ್ದನ್ನು ಕಾಪಾಡಲೆಂದೇ ಪ್ರತಿ ಇರುವುದಲ್ಲವೆ? 'ಕಾಪಿ' ಹಾಗೆ ಅಳಿಸದಿದ್ದರೂ, ಬದಲಾದ ಕಡತದ ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯುತ್ತದೆ. ಆದ್ದರಿಂದ ಪ್ರತಿ ಸಾರಿಯೂ ದಿನಾಂಕದ ಹೆಸರಿನ ಹೊಸ ಫೋಲ್ಡರಿಗೆ ಇಳಿಸುವುದು ಒಳ್ಳೆಯದು. 'ಡ್ರೈ ರನ್' ಎಂಬ ಸೂಚನೆಯನ್ನು ಸೇರಿಸಿದರೆ, ಏನನ್ನೂ ಮಾಡದೆ, ಏನು ಮಾಡಲಿದ್ದೇನೆಂದು ಮಾತ್ರ ಅದು ತಿಳಿಸುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇಳಿಸಿದ ಪ್ರತಿಯಲ್ಲಿ ಎಲ್ಲವೂ ಬರುತ್ತದೆಂದು ಭಾವಿಸಬಾರದು. ಯಾರು, ಯಾವಾಗ, ಏನನ್ನು ತಿದ್ದಿದರೆಂಬ ಇತಿಹಾಸ ಮೂಲದಲ್ಲಿಯೇ ಉಳಿಯುತ್ತದೆ. ಲೆಕ್ಕಪಟ್ಟಿಯನ್ನು ಸಿಎಸ್‌ವಿ ರೂಪದಲ್ಲಿ ಪಡೆದರೆ ಒಂದು ಹಾಳೆ ಮಾತ್ರ ಬರುತ್ತದೆ. ಸೂತ್ರಗಳು ಹೋಗಿ ಅಂಕಿಗಳಷ್ಟೇ ನಿಲ್ಲುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು: ಸಿಎಸ್‌ವಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಗಾಬರಿಯಾಗಬೇಡಿರಿ. ಅಕ್ಷರಗಳು ಕೆಟ್ಟಿಲ್ಲ, ಓದುವ ಕ್ರಮ ತಪ್ಪಿದೆ. 'ಇಂಪೋರ್ಟ್' ಮೂಲಕ ತೆರೆದು ಯುಟಿಎಫ್-8 ಎಂಬುದನ್ನು ಆರಿಸಿದರೆ ಕನ್ನಡ ಸರಿಯಾಗಿ ಕಾಣುತ್ತದೆ. ಕನ್ನಡದ ಬರಹವನ್ನು ಪಿಡಿಎಫ್ ಆಗಿ ಮಾತ್ರ ಉಳಿಸುವುದೂ ಸಾಲದು. ಓದಲು ಅದು ಚೆನ್ನ, ಮರಳಿ ತಿದ್ದಲು ತೊಡಕು.

ಖಾತೆಗೆ ಪ್ರವೇಶ ಕೊಡುವ ಗುರುತನ್ನು ಆರ್‌ಕ್ಲೋನ್ ತನ್ನದೊಂದು ಕಡತದಲ್ಲಿ ಇರಿಸಿಕೊಳ್ಳುತ್ತದೆ. ಆದುದರಿಂದ ಕಚೇರಿಯ ಅಥವಾ ಪರರ ಯಂತ್ರದಲ್ಲಿ ಈ ಕೆಲಸ ಬೇಡ. ಆಜ್ಞೆಗಳು ಒಗ್ಗದವರಿಗೆ ಗೂಗಲ್ ಸಂಸ್ಥೆಯೇ 2011ರಲ್ಲಿ ಆರಂಭಿಸಿದ 'ಟೇಕೌಟ್' ಇದೆ. ಕೆಲವೇ ಗುಂಡಿಗಳನ್ನೊತ್ತಿ ಎಲ್ಲವನ್ನೂ ಒಂದು ಗಂಟಾಗಿ ಪಡೆಯಬಹುದು.

ಯಾವ ದಾರಿ ಹಿಡಿದರೂ, ಇಳಿಸಿದ ಮೇಲೆ ನಾಲ್ಕಾರು ಕಡತಗಳನ್ನು ತೆರೆದು ನೋಡಿರಿ. ಗೂಗಲ್ ಡಾಕ್ಸ್ ಕಡತಗಳ ಗಾತ್ರ ಆರ್‌ಕ್ಲೋನಿಗೆ ಮೊದಲೇ ತಿಳಿಯುವುದಿಲ್ಲವಾದ್ದರಿಂದ ತಾಳೆ ನೋಡುವ ಕೆಲಸ ನಿಮ್ಮ ಕಣ್ಣಿನದೇ. ಒಂದು ಪ್ರತಿ ನಿಮ್ಮಲ್ಲಿರಲಿ, ಮತ್ತೊಂದು ಬೇರೆ ಊರಿನ ಬಂಧುಗಳಲ್ಲಿರಲಿ. ಮನೆಯ ಮುಖ್ಯ ಕಡತಗಳು ಯಾರ ಖಾತೆಯಲ್ಲಿವೆ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.